ತೊಟ್ಟಿಮನೆಗೆ ಬೆಳಕು ಬಂದ ಬಗೆ

೧

ಅರಮನೆ, ಕೋಟೆ, ದೇವಾಲಯಗಳ ವಿಚಾರವಾಗಿ ನಮ್ಮಲ್ಲಿ ಬರೆದಿರುವುದು ಹೇರಳವಾಗಿದೆ. ಅವುಗಳನ್ನು ಕಟ್ಟಿಸಿದವರು ಶಾಸನಗಳನ್ನು ಹಾಕಿಸಿದರು. ಜೀರ್ಣೋದ್ಧಾರ ಮಾಡಿಸಿದವರೂ ಅದನ್ನು ಕಲ್ಲಿನಲ್ಲಿ ಬರೆಯಿಸಿದರು. ಸಾಮಾನ್ಯ ಗೃಹಸ್ಥನಾದರೋ ತನ್ನ ಮನೆಗೆ ಶಾಸನವನ್ನು ಹಾಕಿಸುವವನಲ್ಲ. ಗೋಡೆ ಬಿದ್ದರೆ ಎತ್ತಿಸುತ್ತಾನೆ, ಕತ್ತಲೆಯಾದರೆ ಒಂದು ಕಿಂಡಿಯನ್ನು ಬಿಡಿಸುತ್ತಾನೆ, ಮಗನಿಗೆ ಮದುವೆಯಾದರೆ ಒಂದು ಕೋಣೆಯನ್ನು ಹೆಚ್ಚಿಸುತ್ತಾನೆ. ಹೀಗೆ ಮೂರು ನಾಲ್ಕು ತಲೆಮಾರುಗಳ ಕೈಕೆಲಸವು ಒಂದರ ಮೇಲೊಂದು ಕೂಡಿ ಮನೆಯ ರೂಪವನ್ನು ನಿರ್ಣಯಿಸುತ್ತದೆ. ಓದಬಲ್ಲವನಿಗೆ ಅಂತಹ ಮನೆಯೂ ಒಂದು ದಾಖಲೆಯೇ.

ಪ್ರಸ್ತುತ ಲೇಖನದಲ್ಲಿ ಈ ದಾಖಲೆಯ ಒಂದು ಅಂಶವನ್ನು ಮಾತ್ರ ಪರಿಶೀಲಿಸಲು ಉದ್ದೇಶಿಸಿದೆ. ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ ಬೆಳಕಿಗಾಗಿಯೂ ಸ್ಥಳಕ್ಕಾಗಿಯೂ ಜನರು ಮಾಡಿಕೊಂಡ ಮಾರ್ಪಾಡುಗಳು ಯಾವುವು, ಅವುಗಳ ಹಿಂದೆ ಇದ್ದ ಕಾರಣಗಳು ಯಾವುವು ಎಂಬುದೇ ಆ ಅಂಶ. ನನಗೆ ತೋರಿರುವ ಮಟ್ಟಿಗೆ, ಬೆಳಕು ಮನೆಯ ಎಲ್ಲ ಭಾಗಗಳಿಗೂ ಒಂದೇ ಕಾಲಕ್ಕೆ ಬರಲಿಲ್ಲ. ಅದು ಒಂದು ಕ್ರಮದಲ್ಲಿ ಬಂತು. ಆ ಕ್ರಮವನ್ನು ಗಮನಿಸಿದರೆ ಕುಟುಂಬದೊಳಗೆ ಯಾರ ಮಾತು ಎಷ್ಟು ನಡೆಯುತ್ತಿತ್ತು ಎಂಬುದು ತಿಳಿಯುತ್ತದೆ.

೨

ಮೊದಲು ತೊಟ್ಟಿಮನೆಯ ರಚನೆಯನ್ನು ನೆನಪಿಗೆ ತಂದುಕೊಳ್ಳುವುದು ಅವಶ್ಯಕ. ಬೀದಿಯ ಕಡೆಗೆ ಜಗಲಿ. ಅದನ್ನು ದಾಟಿದರೆ ತಲೆಬಾಗಿಲು. ಒಳಗೆ ನಾಲ್ಕು ಕಡೆಯೂ ಕಂಬಗಳ ಪಡಸಾಲೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಪಡಸಾಲೆಯ ಹಿಂದೆ ಕೋಣೆಗಳು, ದೇವರಮನೆ, ಅಡಿಗೆಮನೆ. ಅವುಗಳಾಚೆ ಬಚ್ಚಲು ಮತ್ತು ಹಿತ್ತಲು. ಸೂರು ನಾಲ್ಕು ದಿಕ್ಕುಗಳಿಂದಲೂ ಒಳಮುಖವಾಗಿ ಇಳಿದು ಮಳೆಯ ನೀರನ್ನು ತೊಟ್ಟಿಗೆ ಸುರಿಸುತ್ತದೆ. ಹೊರಗೋಡೆ ಮಣ್ಣಿನದು, ದಪ್ಪ ಎರಡಡಿಗೆ ಕಡಮೆಯಿಲ್ಲ.

ಈ ಮನೆ ಬೆಳಕನ್ನು ಪಡೆಯುತ್ತಿದ್ದುದು ಬೀದಿಯಿಂದಲ್ಲ, ಆಕಾಶದಿಂದ. ತೊಟ್ಟಿಯಲ್ಲಿ ಬಿದ್ದ ಬಿಸಿಲು ಪಡಸಾಲೆಯನ್ನು ಚೆನ್ನಾಗಿ ಬೆಳಗುತ್ತದೆ. ಪಡಸಾಲೆಯ ಹಿಂದಿನ ಕೋಣೆಗೆ ದೊರೆಯುವುದು ಬಾಗಿಲ ಮೂಲಕ ಬಂದ ಎರಡನೆಯ ಕೈಯ ಬೆಳಕು. ಆ ಕೋಣೆಯ ಒಳಗೆ ಇನ್ನೊಂದು ಕೋಣೆಯಿದ್ದರೆ, ಅಲ್ಲಿ ಹಗಲಿನಲ್ಲಿಯೂ ಹಣತೆ ಬೇಕು. ಹೊರಗೋಡೆಗೆ ಕಿಟಕಿಯಿಡಲು ಅಡ್ಡಿಯಾಗಿದ್ದುದು ಅಜ್ಞಾನವಲ್ಲ. ಮಣ್ಣಿನ ಗೋಡೆಯೇ ಮಾಡಿನ ಭಾರವನ್ನು ಹೊತ್ತಿರುವಾಗ ಅದರಲ್ಲಿ ಅಗಲವಾದ ತೆರಪನ್ನು ಬಿಡುವುದು ಅಪಾಯ. ತೆರಪಿನ ಮೇಲೆ ಕೂರಿಸುವ ಮರದ ತೊಲೆ ಎಷ್ಟು ಭಾರವನ್ನು ತಾಳೀತೋ ಅಷ್ಟೇ ಅಗಲ ಕಿಟಕಿಗೆ ಸಾಧ್ಯ. ಇದರ ಜೊತೆಗೆ ಕಳ್ಳರ ಭಯ, ಬೇಸಗೆಯ ಝಳ, ಓರೆಮಳೆ, ಅಕ್ಕಪಕ್ಕದವರ ದೃಷ್ಟಿ ಇವೂ ಸೇರಿದವು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯನ್ನು ಗೋಡೆಗಿಂತ ಹೆಚ್ಚಾಗಿ ಮೇಲ್ಛಾವಣಿಯಲ್ಲಿಯೇ ಬಿಡುತ್ತಿದ್ದುದಕ್ಕೂ ಇವೇ ಕಾರಣಗಳು.

ಈ ವಿಷಯದಲ್ಲಿ ನಮ್ಮ ಪ್ರಾಚೀನರು ಅಲಕ್ಷ್ಯದಿಂದ ಇದ್ದರೆಂದು ತಿಳಿಯಬಾರದು. ವಾತಾಯನವೆಂದರೆ ಗಾಳಿಯ ದಾರಿ. ಗವಾಕ್ಷವೆಂದರೆ ಹಸುವಿನ ಕಣ್ಣು. ನಮ್ಮ ಬೆಳಕಿಂಡಿಯಾದರೋ ಬೆಳಕಿನ ಕಿಂಡಿಯೇ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಗೃಹಗಳ ವಿಚಾರವಾದ ಒಂದು ಅಧ್ಯಾಯವೇ ಇದೆ. ಎರಡು ಮನೆಗಳ ನಡುವೆ ತೆರಪಿರಬೇಕೆಂದೂ, ಬೆಳಕಿಗಾಗಿ ಎತ್ತರದಲ್ಲಿ ಚಿಕ್ಕ ಕಿಟಕಿಯನ್ನು ಇಡಿಸಬೇಕೆಂದೂ, ರಾಜಮಾರ್ಗದ ಕಡೆಗಲ್ಲದೆ ಬೇರೆಯವರ ಮನೆಗೆ ಬಾಧಕವಾಗುವಂತೆ ಬಾಗಿಲು ಕಿಟಕಿಗಳನ್ನು ಇಟ್ಟವನಿಗೆ ದಂಡ ವಿಧಿಸಬೇಕೆಂದೂ ಅಲ್ಲಿ ಹೇಳಿದೆ. ಕಿಟಕಿಯು ಚಿಕ್ಕದಾಗಿಯೂ ಎತ್ತರದಲ್ಲಿಯೂ ಇರಬೇಕೆಂಬ ಮಾತು ಗಮನಾರ್ಹವಾದುದು. ಬೆಳಕು ಒಳಗೆ ಬರಬೇಕು, ನೋಟ ಬರಬಾರದು. ನಮ್ಮ ಹಳೆಯ ಮನೆಗಳ ಬೆಳಕಿಂಡಿಗಳು ಈ ಮಾತಿಗೆ ಇಟ್ಟ ಉದಾಹರಣೆಗಳಂತೆ ಇವೆ.

೩

ಇಂತಹ ಮನೆಯ ವಿಚಾರದಲ್ಲಿ ಜನರು ಹೊಸದಾಗಿ ಚಿಂತಿಸುವಂತೆ ಮಾಡಿದ್ದು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಹಾಮಾರಿಯು ರೈಲಿನ ದಾರಿ ಹಿಡಿದು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಪ್ರವೇಶಿಸಿತು. ಮೈಸೂರು ಸರ್ಕಾರವು ಮುಂದೆ ದಿವಾನರಾದ ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನಿಯಮಿಸಿತು. ೧೮೯೧ರ ಜನಗಣತಿಯಲ್ಲಿ ಮೈಸೂರು ನಗರದಲ್ಲಿ ೭೪,೦೪೮ ಜನರಿದ್ದರು. ೧೯೦೧ರಲ್ಲಿ ೬೮,೧೧೧ ಜನರು ಮಾತ್ರ ಇದ್ದರು. ಊರುಗಳು ಖಾಲಿಯಾದವು. ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ವಾಸ ಮಾಡಿದರು. ಕತ್ತಲೆಯ ಕೋಣೆಯಲ್ಲಿ ಹುಟ್ಟಿ ಬೆಳೆದವರಿಗೆ ಗಾಳಿ ಬಿಸಿಲುಗಳ ವಾಸವು ಹೀಗೆ ಭಯದ ಮೂಲಕ ಪರಿಚಯವಾಯಿತು.

ರೋಗದ ಕಾರಣವು ಆಗ ಅಧಿಕಾರಿಗಳಿಗೆ ಸ್ಪಷ್ಟವಾಗಿರಲಿಲ್ಲ. ರೋಗಾಣುವನ್ನು ಯೆರ್ಸಿನ್ ೧೮೯೪ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರೂ ಅದು ಹರಡುವ ಬಗೆ ತಿಳಿದಿರಲಿಲ್ಲ. ಕೊಳೆ, ತೇವ, ಕತ್ತಲೆಗಳಲ್ಲಿಯೇ ರೋಗವು ನೆಲಸಿದೆಯೆಂಬ ಭಾವನೆ ಪ್ರಬಲವಾಗಿತ್ತು. ಆದ್ದರಿಂದ ಮುಂಬಯಿಯಲ್ಲಿ ಮನೆಗಳ ಹೆಂಚುಗಳನ್ನು ತೆಗೆಯಿಸಿ, ಒಳಗಿನ ಅಡ್ಡಗೋಡೆಗಳನ್ನು ಕೆಡವಿಸಿ, ಸೂರ್ಯನ ಬೆಳಕನ್ನು ನೇರವಾಗಿ ನೆಲಕ್ಕೆ ಬೀಳಿಸಿದರು. ಇಲಿಯ ಮೈಮೇಲಿನ ಚಿಗಟದಿಂದ ರೋಗವು ಹರಡುತ್ತದೆಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ೧೮೯೮ರಲ್ಲಿ ಸಾರಿದನು; ಅದನ್ನು ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷಗಳು ಹಿಡಿದವು. ಹೀಗೆ ನೋಡಿದರೆ ಹೆಂಚು ತೆಗೆದುದರಿಂದ ಪ್ಲೇಗು ನಿಂತಿತೆಂದು ಹೇಳಲಾಗುವುದಿಲ್ಲ. ಆದರೆ ತಪ್ಪು ಸಿದ್ಧಾಂತದಿಂದಲೂ ಒಳ್ಳೆಯ ಫಲ ಬರುವುದುಂಟು. ಬಿಸಿಲಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿಯಿದೆಯೆಂಬುದನ್ನು ಡೌನ್ಸ್ ಮತ್ತು ಬ್ಲಂಟ್ ಎಂಬ ಆಂಗ್ಲ ವಿಜ್ಞಾನಿಗಳು ೧೮೭೭ರಲ್ಲಿಯೇ ತೋರಿಸಿದ್ದರು. ಕತ್ತಲೆಯ ಕೋಣೆಗಳಲ್ಲಿ ಸದ್ದಿಲ್ಲದೆ ಮನೆಮಂದಿಯನ್ನು ಕೊಲ್ಲುತ್ತಿದ್ದ ಕ್ಷಯರೋಗಕ್ಕೆ ಗಾಳಿ ಬೆಳಕುಗಳು ನಿಜವಾಗಿಯೂ ವಿರೋಧಿಗಳಾಗಿದ್ದವು. ಪ್ಲೇಗಿನ ಹೆಸರಿನಲ್ಲಿ ತೆರೆದ ಕಿಟಕಿಯು ಕ್ಷಯದ ವಿಷಯದಲ್ಲಿ ಉಪಕಾರ ಮಾಡಿತು.

ಇದೇ ಕಾಲದಲ್ಲಿ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ೧೯೦೩ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯು ಸ್ಥಾಪಿತವಾಯಿತು. ಹೊಸ ಬಡಾವಣೆಯ ಮನೆಯು ನಿವೇಶನದ ನಡುವೆ ನಿಂತು ನಾಲ್ಕು ಕಡೆಯಿಂದಲೂ ಬೆಳಕನ್ನು ಪಡೆಯುವಂತಹುದು. ತೊಟ್ಟಿಮನೆಯಲ್ಲಿ ತೆರಪು ಒಳಗಿತ್ತು, ಗೋಡೆ ಹೊರಗಿತ್ತು. ಇಲ್ಲಿ ಗೋಡೆಗಳು ಒಳಗೆ ಸರಿದು ತೆರಪು ಹೊರಗೆ ಬಂತು. ಹಳೆಯ ಊರಿನಲ್ಲಿಯೇ ಉಳಿದ ಗೃಹಸ್ಥನು ಹೊಸ ಬಡಾವಣೆಯ ನೆಂಟನ ಮನೆಯನ್ನು ಕಂಡು ಬಂದು ತನ್ನ ಗೋಡೆಗೂ ಕಿಟಕಿಯನ್ನು ಇಡಿಸಲು ಮನಸ್ಸು ಮಾಡಿದನು.

೪

ಮನಸ್ಸು ಮಾತ್ರ ಸಾಲದು, ಸಾಧನವೂ ಬೇಕು. ಮಂಗಳೂರಿನ ಜೆಪ್ಪಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ನಾಡಹೆಂಚನ್ನು ಒಂದರ ಮೇಲೊಂದರಂತೆ ಒತ್ತೊತ್ತಾಗಿ ಹೊದಿಸಬೇಕಾಗಿತ್ತು. ಕೋತಿಗಳು ಓಡಾಡಿದರೆ ಪ್ರತಿವರ್ಷವೂ ಕೈಯಾಡಿಸಬೇಕಾಗಿತ್ತು. ಮಂಗಳೂರು ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುವಂತಹುದು. ಹೆಂಚುಗಳ ಸಂಖ್ಯೆ ಕಡಮೆಯಾಯಿತು, ಮಾಡಿನ ಭಾರವೂ ಇಳಿಯಿತು. ಎಲ್ಲಕ್ಕಿಂತ ಮಿಗಿಲಾಗಿ, ಅದೇ ಅಚ್ಚಿನಲ್ಲಿ ಎರಕ ಹೊಯ್ದ ಗಾಜಿನ ಹೆಂಚನ್ನು ಬೇಕಾದ ಕಡೆ ಸೇರಿಸುವುದು ಸಾಧ್ಯವಾಯಿತು. ಗೋಡೆಯನ್ನು ಒಡೆಯದೆ, ತೊಲೆಯನ್ನು ಹುಡುಕದೆ, ನೆರೆಯವನ ಜಗಳವಿಲ್ಲದೆ, ಒಂದು ಹೆಂಚನ್ನು ತೆಗೆದು ಇನ್ನೊಂದನ್ನು ಇಟ್ಟರೆ ಕತ್ತಲೆಯ ಕೋಣೆಗೆ ಬೆಳಕು ಬಂತು. ನಮ್ಮ ಮನೆಗಳ ಇತಿಹಾಸದಲ್ಲಿ ಇಷ್ಟು ಅಲ್ಪವೆಚ್ಚದ ಸುಧಾರಣೆ ಬೇರೊಂದಿಲ್ಲವೆನ್ನಬಹುದು. ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನ ಕೋಲು ನೆಲದ ಮೇಲೆ ಸರಿಯುವುದನ್ನು ನೋಡಿ ಹೊತ್ತನ್ನು ಹೇಳುತ್ತಿದ್ದ ಹಿರಿಯರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ಎರಡನೆಯ ಸಾಧನವೆಂದರೆ ವಿದ್ಯುಚ್ಛಕ್ತಿ. ಶಿವನಸಮುದ್ರದಲ್ಲಿ ಉತ್ಪಾದಿಸಿದ ಶಕ್ತಿಯು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿಗೂ, ೧೯೦೮ರಲ್ಲಿ ಮೈಸೂರಿಗೂ ಹರಿದುಬಂತು. ಹಳ್ಳಿಗಳಿಗೆ ಅದು ತಲಪಿದ್ದು ಬಹುಕಾಲದ ಮೇಲೆ. ವಿದ್ಯುದ್ದೀಪವು ರಾತ್ರಿಯ ಕತ್ತಲೆಯನ್ನು ನೀಗಿತು. ಆದರೆ ಹಗಲಿನ ಬೆಳಕಿಗೆ ಅದರಿಂದ ಹಾನಿಯೂ ಆಯಿತು. ಗುಂಡಿಯನ್ನು ಒತ್ತಿದರೆ ದೀಪ ಹತ್ತುವಾಗ ತೊಟ್ಟಿಯು ಏತಕ್ಕೆ ತೆರೆದಿರಬೇಕು ಎಂಬ ಪ್ರಶ್ನೆಯು ಹುಟ್ಟಿತು.

ಮೂರನೆಯದು ಕಾನೂನು. ೧೮೮೨ರ ಸುಖಾಧಿಕಾರದ ಕಾಯಿದೆಯು ಮದರಾಸು ಪ್ರಾಂತ್ಯಕ್ಕೂ ಕೊಡಗಿಗೂ ಮೊದಲಿನಿಂದಲೇ ಅನ್ವಯಿಸಿತು. ೧೮೯೧ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ ವಿಸ್ತರಿಸಿತು. ಹೀಗೆ ದಕ್ಷಿಣ ಕನ್ನಡ, ಬಳ್ಳಾರಿ, ಧಾರವಾಡ ಮೊದಲಾದ ಕನ್ನಡ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಇಪ್ಪತ್ತು ವರ್ಷಗಳ ಕಾಲ ನಿರಾತಂಕವಾಗಿ ಒಂದು ಕಿಟಕಿಯಿಂದ ಬೆಳಕನ್ನೂ ಗಾಳಿಯನ್ನೂ ಅನುಭವಿಸಿದವನಿಗೆ ಅದು ಹಕ್ಕಾಗುತ್ತದೆ. ನೆರೆಯವನು ಗೋಡೆಯೆಬ್ಬಿಸಿ ಅದನ್ನು ತಡೆಯುವಂತಿಲ್ಲ. ಅಂದಮೇಲೆ ಬೆಳಕೂ ಒಂದು ಸ್ವತ್ತು. ರಾಜ್ಯವು ಬೆಳಕನ್ನು ಸ್ವತ್ತೆಂದು ಎಣಿಸುವುದರಿಂದ ಅನರ್ಥವೂ ಆಗಬಹುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ೧೬೯೬ರಿಂದ ೧೮೫೧ರವರೆಗೆ ಇದ್ದ ಕಿಟಕಿ ತೆರಿಗೆಯೇ ಸಾಕ್ಷಿ. ತೆರಿಗೆಯನ್ನು ತಪ್ಪಿಸಿಕೊಳ್ಳಲು ಅಲ್ಲಿನ ಜನರು ಇದ್ದ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಸಿದರು.

೫

ಈಗ ಬೆಳಕು ಬಂದ ಕ್ರಮದ ವಿಚಾರಕ್ಕೆ ಬರೋಣ. ಇಲ್ಲಿ ನನ್ನ ಸ್ವಂತ ಮನೆತನದ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವುದಕ್ಕೆ ವಾಚಕರ ಕ್ಷಮೆಯನ್ನು ಬೇಡುತ್ತೇನೆ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿರುವ ಆ ತೊಟ್ಟಿಮನೆಯನ್ನು ಉಳಿಸುವುದೋ ಕೆಡವುವುದೋ ಎಂಬ ಪ್ರಶ್ನೆ ಕೆಲವು ವರ್ಷಗಳ ಕೆಳಗೆ ನಮ್ಮ ಮುಂದೆ ಬಂತು. ಮಳೆಗಾಲದಲ್ಲಿ ಒಂದು ಮೂಲೆ ಕುಸಿದಿತ್ತು. ಕತ್ತಲೆಯ ಮನೆಯಲ್ಲಿ ಯಾರಿರುತ್ತಾರೆ, ಕೆಡವಿ ಹೊಸದನ್ನು ಕಟ್ಟುವುದೇ ಲೇಸು ಎಂಬುದು ಮನೆಯ ಗಂಡಸರ ಅಭಿಪ್ರಾಯವಾಗಿತ್ತು. ನಾನೂ ಅದಕ್ಕೆ ತಲೆದೂಗಿದವನೇ.

ಕೆಡವುವ ಮುನ್ನ ಮನೆಯ ನಕ್ಷೆಯನ್ನಾದರೂ ತೆಗೆದಿಡೋಣವೆಂದು ಅಳೆಯಲು ತೊಡಗಿದೆನು. ಅಳೆಯುತ್ತ ಹೋದಂತೆ ಒಂದು ಸಂಗತಿ ಕಂಡುಬಂತು. ಬೀದಿಯ ಕಡೆಯ ಪಡಸಾಲೆಯ ಕಿಟಕಿಗಳು ಎಲ್ಲಕ್ಕಿಂತ ಹಳೆಯವು. ಮರದ ಸರಳುಗಳು, ಕೆತ್ತನೆಯ ಚೌಕಟ್ಟು. ಅಲ್ಲಿ ಕುಳಿತು ಲೆಕ್ಕಪತ್ರಗಳನ್ನು ನೋಡುತ್ತಿದ್ದವರು ಯಜಮಾನರು. ಅನಂತರದ್ದು ಹುಡುಗರು ಓದುತ್ತಿದ್ದ ಕೋಣೆಯ ಕಿಟಕಿ. ಅದಕ್ಕೆ ಕಬ್ಬಿಣದ ಸರಳು. ಮಲಗುವ ಕೋಣೆಗಳಿಗೆ ಗಾಜಿನ ಹೆಂಚುಗಳು. ಬಾಣಂತಿಯ ಕೋಣೆಗೆ ಅದೂ ಇಲ್ಲ. ಅಡಿಗೆಮನೆಗೆ ಇದ್ದುದು ಹೊಗೆ ಹೋಗುವ ಒಂದು ಗಂಡಿ ಮಾತ್ರ. ದಿನದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಮನೆಯೊಳಗೆ ಕಳೆಯುತ್ತಿದ್ದವರಿಗೆ ಎಲ್ಲರಿಗಿಂತ ಕಡಮೆ ಬೆಳಕು ದೊರೆತಿತ್ತು.

ಇನ್ನೊಂದು ಸಂಗತಿಯೂ ಬಯಲಾಯಿತು. ಅಡಿಗೆಮನೆಯ ಗೋಡೆಯ ಗಾರೆ ಉದುರಿದ ಕಡೆ ಮರದ ಚಿಕ್ಕ ತೊಲೆಯೊಂದು ಕಾಣಿಸಿತು. ಅದರ ಕೆಳಗೆ ಇಟ್ಟಿಗೆಯಿಂದ ಮುಚ್ಚಿದ ಬೆಳಕಿಂಡಿ. ಮೊದಲು ಅಡಿಗೆಮನೆಗೂ ಬೆಳಕಿತ್ತು. ನಮ್ಮ ಅಜ್ಜನೂ ಅವರ ತಮ್ಮನೂ ಪಾಲಾದಾಗ ಹಿತ್ತಲಿನ ನಡುವೆ ಗೋಡೆ ಎದ್ದಿತು. ಆ ಕಡೆಯವರ ನೋಟ ಬೀಳಬಾರದೆಂದು ಈ ಕಡೆಯವರು ಕಿಂಡಿಯನ್ನು ಮುಚ್ಚಿದರು. ಪಾಲುಪತ್ರದಲ್ಲಿ ಬಾವಿಯ ನೀರು, ತೆಂಗಿನ ಮರ, ದನದ ಕೊಟ್ಟಿಗೆ ಎಲ್ಲದರ ಪ್ರಸ್ತಾಪವೂ ಇದೆ. ಅಡಿಗೆಮನೆಯ ಬೆಳಕಿನ ಮಾತಿಲ್ಲ. ಪತ್ರಕ್ಕೆ ರುಜು ಹಾಕಿದ ಐವರೂ ಗಂಡಸರು. ನಮ್ಮ ಅಜ್ಜಿಯು ಆ ಬಳಿಕ ನಲವತ್ತು ವರ್ಷಗಳ ಕಾಲ ಅದೇ ಕೋಣೆಯಲ್ಲಿ ಅಡಿಗೆ ಮಾಡಿದರು. ಕೊನೆಗಾಲದಲ್ಲಿ ಅವರ ಕಣ್ಣು ಮಂಜಾಯಿತು. ವಯಸ್ಸಿನ ದೋಷವೆಂದು ನಾವೆಲ್ಲರೂ ಹೇಳಿಕೊಂಡೆವು.

ತರುವಾಯ ಸ್ಥಳದ ಅಭಾವ ಬಂತು. ಕುಟುಂಬ ಬೆಳೆದಾಗ ತೊಟ್ಟಿಯ ಮೇಲೆ ಕಲ್ನಾರಿನ ತಗಡನ್ನು ಹೊದಿಸಿ ಅದನ್ನೂ ಕೋಣೆಯಂತೆ ಬಳಸತೊಡಗಿದರು. ಸ್ಥಳವೇನೋ ದೊರೆಯಿತು; ಇಡೀ ಮನೆಗಿದ್ದ ಬೆಳಕಿನ ಮೂಲ ಮುಚ್ಚಿಹೋಯಿತು. ನಮ್ಮ ಭಾಷೆಯಲ್ಲಿ ಅವಕಾಶವೆಂಬ ಮಾತಿಗೆ ತೆರಪು ಎಂಬ ಅರ್ಥವೂ ಉಂಟು, ಅನುಕೂಲ ಸಂದರ್ಭ ಎಂಬ ಅರ್ಥವೂ ಉಂಟು. ತೆರಪನ್ನು ತುಂಬಿಸಿದೊಡನೆ ಅವಕಾಶ ಹೆಚ್ಚಿತೆಂದು ಭಾವಿಸುವುದು ನಮ್ಮ ಕಾಲದ ಒಂದು ಭ್ರಮೆ. ಕತ್ತಲೆಯ ಮನೆಯೆಂದು ನಾವು ದೂರುತ್ತಿದ್ದ ಮನೆಯ ಕತ್ತಲೆಯಲ್ಲಿ ಬಹುಪಾಲು ಪೂರ್ವಿಕರು ಕಟ್ಟಿದ್ದಲ್ಲ. ಪಾಲಿನ ಗೋಡೆಯಿಂದಲೂ ತಗಡಿನ ಹೊದಿಕೆಯಿಂದಲೂ ನಾವೇ ತಂದುಕೊಂಡದ್ದು.

೬

ಅಡಿಗೆಮನೆಗೆ ಬೆಳಕು ಕೊನೆಯಲ್ಲಿ ಬಂದುದಕ್ಕೂ ಹೆಂಗಸರಿಗೆ ಆಸ್ತಿಯ ಹಕ್ಕು ತಡವಾಗಿ ಬಂದುದಕ್ಕೂ ಸಂಬಂಧವಿದೆಯೆಂದು ಹೇಳಿದರೆ ಅತಿಶಯವಾಗಲಾರದು. ಗೋಡೆಯನ್ನು ಒಡೆಯಿಸುವ ಅಧಿಕಾರವು ಗೋಡೆಯಲ್ಲಿ ಪಾಲುಳ್ಳವರದು. ಮೈಸೂರು ಸಂಸ್ಥಾನವು ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ಈ ವಿಷಯದಲ್ಲಿ ಮುಂದಾಳಾಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಣ್ಣುಮಕ್ಕಳಿಗೆ ಪಾಲನ್ನು ಕೊಟ್ಟಿತು; ಆದರೆ ಅದರ ೨೩ನೆಯ ಪ್ರಕರಣದಂತೆ, ಕುಟುಂಬದವರು ವಾಸಿಸುವ ಮನೆಯನ್ನು ಗಂಡು ವಾರಸುದಾರರು ತಾವಾಗಿ ಹಂಚಿಕೊಳ್ಳುವವರೆಗೆ ಹೆಣ್ಣು ವಾರಸುದಾರರು ವಿಭಾಗ ಕೇಳುವಂತಿರಲಿಲ್ಲ. ಕರ್ನಾಟಕವು ೧೯೯೪ರಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕನ್ನು ನೀಡಿತು. ೨೦೦೫ರ ಕೇಂದ್ರ ತಿದ್ದುಪಡಿಯು ಅದನ್ನು ದೇಶಕ್ಕೆಲ್ಲ ವಿಸ್ತರಿಸಿ ಆ ೨೩ನೆಯ ಪ್ರಕರಣವನ್ನೂ ತೆಗೆದುಹಾಕಿತು. ಒಲೆಯ ವಿಚಾರಕ್ಕೆ ವಿದ್ವಾಂಸರ ಗಮನ ಹರಿದುದೂ ತಡವಾಗಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಒಲೆಯನ್ನು ರೂಪಿಸಿದ ಮೇಲೆಯೇ ಅನೇಕ ಹಳ್ಳಿಗಳ ಅಡಿಗೆಮನೆಯ ಗೋಡೆ ತನ್ನ ಬಣ್ಣವನ್ನು ಕಂಡಿತು.

ನಮ್ಮ ಮನೆಯನ್ನು ಕೆಡವಬಾರದೆಂದು ಮೊದಲು ಹೇಳಿದವರು ನನ್ನ ಸೋದರತ್ತೆ. ಪಾಲುಳ್ಳವರಾದ್ದರಿಂದ ಅವರ ಮಾತನ್ನು ಕೇಳದೆ ಉಪಾಯವಿರಲಿಲ್ಲ. ತೊಟ್ಟಿಯ ತಗಡನ್ನು ತೆಗೆಯಿಸಿ, ಅಡಿಗೆಮನೆಯ ಗೋಡೆಯನ್ನು ಒಡೆಯಿಸಿದರೆ ಸಾಕೆಂಬುದು ಅವರ ವಾದ. ಹಾಗೆಯೇ ಮಾಡಿದೆವು. ಕುಸಿದ ಮೂಲೆಯನ್ನು ಮತ್ತೆ ಎತ್ತಿಸಿದೆವು. ಎರಡು ಕತ್ತಲೆಯ ಕೋಣೆಗಳ ನಡುವಿನ ಅಡ್ಡಗೋಡೆಯನ್ನು ತೆಗೆದು ಒಂದೇ ಕೋಣೆಯನ್ನಾಗಿ ಮಾಡಿದೆವು. ಮುಚ್ಚಿದ ಕಿಂಡಿಯಿದ್ದ ಕಡೆ ಹೊಸ ತೊಲೆಯನ್ನು ಕೂರಿಸಿ ಅಗಲವಾದ ಕಿಟಕಿಯನ್ನು ಇಟ್ಟೆವು. ಅದಕ್ಕೆ ಮೊದಲು ಗೋಡೆಯಾಚೆಯ ದಾಯಾದಿಗಳನ್ನು ಕಂಡು ಮಾತನಾಡಿದೆವು. ಅವರೂ ತಮ್ಮ ಕಡೆಯ ಒಂದು ಕಿಟಕಿಯನ್ನು ಇದೇ ಕಾರಣಕ್ಕಾಗಿ ಮುಚ್ಚಿಕೊಂಡಿದ್ದರೆಂಬುದು ಆಗ ತಿಳಿಯಿತು. ಆದ ವೆಚ್ಚವು ಹೊಸ ಮನೆಗೆ ಹಾಕಿಕೊಂಡಿದ್ದ ಅಂದಾಜಿನ ಮೂರರಲ್ಲೊಂದು ಪಾಲನ್ನೂ ಮುಟ್ಟಲಿಲ್ಲ.

ಈ ಬಗೆಯ ಕೆಲಸಕ್ಕೆ ತಾತ್ತ್ವಿಕವಾದ ಆಧಾರವನ್ನು ಒದಗಿಸಿದವನು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. ಅವನು ಮದುವೆಯಾದ ಹೊಸದರಲ್ಲಿ, ೧೮೮೦ರ ದಶಕದ ಉತ್ತರಾರ್ಧದಲ್ಲಿ, ಎಡಿನ್‌ಬರೋ ನಗರದ ಹಳೆಯ ಭಾಗದಲ್ಲಿದ್ದ ಜೇಮ್ಸ್ ಕೋರ್ಟ್ ಎಂಬ ಹಾಳುಬಿದ್ದ ವಠಾರಕ್ಕೆ ತಾನೇ ಹೋಗಿ ನೆಲಸಿ ಅದನ್ನು ಸರಿಪಡಿಸಿದನು. ೧೯೧೪ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಅನೇಕ ನಗರಗಳನ್ನು ನೋಡಿ ವರದಿಗಳನ್ನು ಬರೆದನು. ಇಕ್ಕಟ್ಟಾದ ಕೇರಿಯನ್ನು ನೆಲಸಮ ಮಾಡಿ ನೇರ ರಸ್ತೆ ಹಾಕುವುದಕ್ಕಿಂತ, ಶಸ್ತ್ರವೈದ್ಯನು ಕೆಟ್ಟ ಭಾಗವನ್ನು ಮಾತ್ರ ತೆಗೆಯುವಂತೆ ಒಂದೆರಡು ಪಾಳುಗೋಡೆಗಳನ್ನು ತೆಗೆದು ತೆರಪನ್ನುಂಟುಮಾಡುವುದು ಮೇಲು ಎಂಬುದು ಅವನ ಸಿದ್ಧಾಂತ. ಅವನು ಕೇರಿಗೆ ಹೇಳಿದ ಮಾತು ಮನೆಗೂ ಸಲ್ಲುತ್ತದೆ. ಎಲ್ಲ ಹಳೆಯ ಮನೆಗಳನ್ನೂ ಉಳಿಸಬೇಕೆಂದು ನಾನು ಹೇಳುತ್ತಿಲ್ಲ. ಗೆದ್ದಲು ತಿಂದ ತೊಲೆಯ ಕೆಳಗೆ ಇತಿಹಾಸಾಭಿಮಾನದಿಂದ ಮಲಗಲಾಗುವುದಿಲ್ಲ. ಕೆಡವುವ ಮುನ್ನ ಕತ್ತಲೆಯು ಎಲ್ಲಿಂದ ಬಂತೆಂಬುದನ್ನು ವಿಚಾರಿಸಬೇಕು ಎಂಬುದಿಷ್ಟೇ ನನ್ನ ಬಿನ್ನಹ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮನೆಯ ಕಿಟಕಿಗಳನ್ನು ಎಣಿಸಿ, ಅಳೆದು, ಯಾವುದು ಯಾರ ಕಾಲದ್ದೆಂದು ಕೇಳಿ ಬರೆದುಕೊಳ್ಳಿರಿ. ಪ್ರಶ್ನೆಯನ್ನು ಪಡಸಾಲೆಯಲ್ಲಿ ಕುಳಿತವರಿಗೆ ಮಾತ್ರವಲ್ಲದೆ ಅಡಿಗೆಮನೆಯಲ್ಲಿ ಇರುವವರಿಗೂ ಕೇಳಿರಿ. ಇಂತಹ ನೂರು ಮನೆಗಳ ಟಿಪ್ಪಣಿಗಳು ಕೂಡಿದರೆ, ಯಾವ ಶಾಸನವೂ ಹೇಳದಿರುವ ಚರಿತ್ರೆಯೊಂದನ್ನು ಬರೆಯಲು ಸಾಕಾಗುವಷ್ಟು ಸಾಮಗ್ರಿ ದೊರೆಯುತ್ತದೆ. ಮನೆಗಳು ಬೇಗಬೇಗನೆ ಬೀಳುತ್ತಿರುವುದರಿಂದ ಈ ಕೆಲಸವನ್ನು ಮುಂದಿನ ರಜೆಗೆ ಬಿಡುವಂತಿಲ್ಲ.